ಈ ಕ್ಯಾಪ್ಟನ್ ಜೊತೆ ತಮ್ಮನನ್ನು ದಕ್ಷಿಣದ ಸಮುದ್ರಕ್ಕೆ ಕಳುಹಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಮೂರು ವರ್ಷಗಳಿಂದ ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿದ್ದಾನೆ. ದಡಕ್ಕೆ ಸಮೀಪದಲ್ಲಿ ಒಂದೆರಡು ರಾತ್ರಿಗಳ ಯಾನ ಮಾಡಿದ ಅನುಭವವಿದೆ, ಅದಕ್ಕಿಂತ ಹೆಚ್ಚಿಲ್ಲ. ಈಗ ಕೇಪ್‌ಟೌನ್‌ನಿಂದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ 40 ಅಡಿಯ ಹಾಯಿದೋಣಿಯೊಂದರಲ್ಲಿ, ನಾಲ್ವರಲ್ಲಿ ಒಬ್ಬನಾಗಿ ಹೋಗುವ ಅವಕಾಶ ಬಂದಿದೆ. ದೋಣಿಯನ್ನು ಫ್ರೀಮ್ಯಾಂಟಲ್‌ನಲ್ಲಿ ಕೊಂಡವರಿಗೆ ನವೆಂಬರ್ ಮಧ್ಯದೊಳಗೆ ಒಪ್ಪಿಸಬೇಕಾಗಿದೆಯಂತೆ. ಹಾಗಾಗಿ ಅಕ್ಟೋಬರ್ ಮೊದಲ ವಾರದಲ್ಲೇ ಹೊರಡುವುದೆಂದು ನಿಶ್ಚಯವಾಗಿದೆ. ಕ್ಯಾಪ್ಟನ್ ಅರವತ್ತರ ಹತ್ತಿರದವರು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬಂದವರು. ತಮ್ಮನಿಗೆ ಅವರೆಂದರೆ ದೇವರು. ಆದರೆ ವಿಡಿಯೊ ಕರೆಯಲ್ಲಿ ನಾನು ಸುರಕ್ಷತೆಯ ಬಗ್ಗೆ ಕೇಳಿದಾಗ ಅವರು, ಸಮುದ್ರಕ್ಕೆ ಹೆದರುವವರು ದಡದಲ್ಲೇ ಇರಬೇಕು, ಹಾರ್ನೆಸ್ (ನೀರಿಗೆ ಬೀಳದಂತೆ ದೋಣಿಗೆ ಸಿಕ್ಕಿಸಿಕೊಳ್ಳುವ ಎದೆಪಟ್ಟಿ) ಹಾಕಿಕೊಳ್ಳುವುದು ಕಲಿಯುವವರಿಗೆ ಮಾತ್ರ ಎಂದುಬಿಟ್ಟರು. ಅಂದಿನಿಂದ ಅಮ್ಮನಿಗೆ ನಿದ್ದೆಯಿಲ್ಲ. ಇಷ್ಟು ಚಿಕ್ಕ ದೋಣಿ ಅಲ್ಲಿಯ ಬಿರುಗಾಳಿಯನ್ನು ತಡೆದೀತೇ? ಏನಾದರೂ ಆದರೆ ಲೈಫ್ ರಾಫ್ಟ್ ಇದೆ, ಸ್ಯಾಟಲೈಟ್ ಇದೆ, ಸಹಾಯ ಬರುತ್ತದೆ ಎಂದು ತಮ್ಮ ಹೇಳುತ್ತಾನೆ, ಅದು ನಿಜವೇ? ಇಂಥ ಯಾನಗಳನ್ನು ಮಾಡುವ ಕ್ಯಾಪ್ಟನ್‌ಗಳೆಲ್ಲ ಹೀಗೇ ಇರುತ್ತಾರೆಯೇ? ಅವನನ್ನು ತಡೆಯಬೇಕೇ, ಬಿಡಬೇಕೇ, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ತಳದಲ್ಲಿರುವ ಆತಂಕ ಒಂದೇ: ಈ ಮನುಷ್ಯರ ಕೈಗೆ ತಮ್ಮನ ಜೀವವನ್ನು ಒಪ್ಪಿಸಬಹುದೇ ಎಂಬುದು. ಹಾಯಿಹಡಗುಗಳಲ್ಲಿ ದುಡಿದು ಈಗ ದೂರಸಾಗರಕ್ಕೆ ಹೊರಡುವವರಿಗೆ ಸುರಕ್ಷತೆಯ ತರಬೇತಿ ಕೊಡುತ್ತಿರುವ ನನ್ನನ್ನು ಮನೆಯವರು ಸಾಮಾನ್ಯವಾಗಿ ಕೇಳುವುದು ಅಲೆಯ ಎತ್ತರ, ಗಾಳಿಯ ವೇಗಗಳ ಬಗ್ಗೆ. ನೀವು ಕ್ಯಾಪ್ಟನ್‌ರ ಬಗ್ಗೆ ಕೇಳಿದ್ದೀರಿ. ಮೊದಲು ಕೇಳಬೇಕಾದದ್ದು ಅದನ್ನೇ. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಈ ಯಾನ ಕಠಿಣವಾದದ್ದು, ಆದರೆ ಮಾಡಲಾಗದ್ದಲ್ಲ. ದೋಣಿ 40 ಅಡಿಯದ್ದೆಂಬುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುತ್ತಿರುವುದು ಪತ್ರದಲ್ಲಿರುವ ಬೇರೆ ಎರಡು ಸಂಗತಿಗಳು: ಹವಾಮಾನ ಏನೇ ಇದ್ದರೂ ಬದಲಾಗದಂತೆ ಕಾಣುವ ಹೊರಡುವ ದಿನಾಂಕ, ಮತ್ತು ಹಾರ್ನೆಸ್ ಬಗ್ಗೆ ಅವರು ಆಡಿದ ಮಾತು.

ಮೊದಲು ಸಮುದ್ರದ ವಿಷಯ. ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದ ಆಸುಪಾಸಿನಿಂದ ಕೆಳಗೆ ಪಶ್ಚಿಮದ ಗಾಳಿಯನ್ನು ತಡೆಯುವ ಭೂಭಾಗ ಬಹಳ ಕಡಿಮೆ. ಗಾಳಿ ಎಷ್ಟು ದೂರ ಅಡೆತಡೆಯಿಲ್ಲದೆ ನೀರಿನ ಮೇಲೆ ಬೀಸುತ್ತದೆಯೋ ಅಲೆ ಅಷ್ಟು ಬೆಳೆಯುತ್ತದೆ. ಅಲ್ಲಿ ಆ ದೂರಕ್ಕೆ ಕೊನೆಯೇ ಇಲ್ಲ. ಐದಾರು ಮೀಟರ್ ಎತ್ತರದ ಅಲೆಗಳು ಆ ಭಾಗದಲ್ಲಿ ಅಪರೂಪವಲ್ಲ. ಆದರೆ ಹೊರಗಿನವರು ತಿಳಿದುಕೊಂಡಂತೆ ಎತ್ತರದ ಅಲೆಯೇ ದೋಣಿಯನ್ನು ಮಗುಚುವುದಿಲ್ಲ. ಉದ್ದನೆಯ, ದುಂಡಗಿನ ಅಲೆ ಎಷ್ಟು ಎತ್ತರವಿದ್ದರೂ ದೋಣಿ ಅದರ ಮೇಲೇರಿ ಇಳಿಯುತ್ತದೆ. ಅಪಾಯವಿರುವುದು ತಲೆ ಮುರಿದು ಬೀಳುವ ಅಲೆಯಲ್ಲಿ, ಅದೂ ದೋಣಿ ಅದಕ್ಕೆ ಪಕ್ಕೆಯೊಡ್ಡಿ ನಿಂತಿರುವಾಗ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ದುರಂತದ ನಂತರ ಇಂಗ್ಲೆಂಡಿನಲ್ಲಿ ಮಾದರಿ ದೋಣಿಗಳ ಮೇಲೆ ನಡೆದ ಪ್ರಯೋಗಗಳು ಒಂದು ಲೆಕ್ಕವನ್ನು ಕೊಟ್ಟವು: ಮುರಿಯುವ ಅಲೆಯ ಎತ್ತರ ದೋಣಿಯ ಉದ್ದದ ಶೇಕಡ 30ರಷ್ಟಿದ್ದರೆ ಕೆಲವು ದೋಣಿಗಳು ಮಗುಚಬಲ್ಲವು, ಶೇಕಡ 60ರಷ್ಟಿದ್ದರೆ ಪರೀಕ್ಷಿಸಿದ ಯಾವ ದೋಣಿಯೂ ತಡೆಯಲಿಲ್ಲ. ನಿಮ್ಮ ತಮ್ಮ ಹೋಗುವ ದೋಣಿಗೆ ಇದನ್ನು ಅನ್ವಯಿಸಿದರೆ ಮೂರೂವರೆ ಮೀಟರ್‌ಗಿಂತ ತುಸು ಹೆಚ್ಚಿನ ಮುರಿಯುವ ಅಲೆ ಎಚ್ಚರಿಕೆಯ ಗಡಿ, ಏಳು ಮೀಟರ್ ದಾಟಿದ್ದು ಉರುಳಿಸುವ ಅಲೆ. ಆದ್ದರಿಂದ ಕ್ಯಾಪ್ಟನ್‌ನ ಅರ್ಧ ಕೌಶಲ ಇರುವುದು ಅಲೆಗೆ ಪಕ್ಕೆ ಕೊಡದಂತೆ ದೋಣಿಯನ್ನು ನಿಲ್ಲಿಸುವುದರಲ್ಲಿ. ದೋಣಿಯ ಹಿಂಭಾಗದಿಂದ ಉದ್ದ ಹಗ್ಗದಲ್ಲಿ ನೂರಕ್ಕೂ ಹೆಚ್ಚು ಸಣ್ಣ ಬಟ್ಟೆಯ ಶಂಕುಗಳನ್ನು ಪೋಣಿಸಿ ಬಿಡುವ ಡ್ರೋಗ್ ಎಂಬ ಸಾಧನ ಇರುವುದೂ ಇದಕ್ಕಾಗಿಯೇ. ಅದು ದೋಣಿಯ ವೇಗ ತಗ್ಗಿಸಿ ಅದರ ಹಿಂಬದಿಯನ್ನೇ ಅಲೆಗೆ ಎದುರಾಗಿ ಹಿಡಿದಿಡುತ್ತದೆ.

ನೀವು ಹೇಳಿದ ಮಾರ್ಗದಲ್ಲಿ ಕೆಟ್ಟ ಜಾಗ ಬರುವುದು ನಡುಸಾಗರದಲ್ಲಲ್ಲ, ಹೊರಟ ಮೊದಲ ವಾರದಲ್ಲೇ. ಆಫ್ರಿಕಾದ ಪೂರ್ವ ಕರಾವಳಿಯ ಗುಂಟ ಅಗುಲ್ಹಾಸ್ ಪ್ರವಾಹ ನೈಋತ್ಯದ ಕಡೆಗೆ ಹರಿಯುತ್ತದೆ. ಅದಕ್ಕೆ ಎದುರಾಗಿ ನೈಋತ್ಯದ ಬಿರುಗಾಳಿ ಬೀಸಿದಾಗ ಅಲೆಗಳು ಒತ್ತೊತ್ತಾಗಿ, ಗೋಡೆಯಂತೆ ಕಡಿದಾಗಿ ಏಳುತ್ತವೆ. ದೊಡ್ಡ ಸರಕು ಹಡಗುಗಳೂ ಅಲ್ಲಿ ಪೆಟ್ಟು ತಿಂದಿವೆ. ಆಫ್ರಿಕಾದ ಕೆಳಗೆ ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಸಾಗುತ್ತಿರುತ್ತವೆ. ಪ್ರತಿಯೊಂದರ ಮುಂದೆ ವಾಯವ್ಯದ ಗಾಳಿ, ಅದು ದಾಟಿದ ಮೇಲೆ ಇದ್ದಕ್ಕಿದ್ದಂತೆ ನೈಋತ್ಯದ ಗಾಳಿ. ಹಳೆಯ ಗಾಳಿ ಎಬ್ಬಿಸಿದ ಅಲೆಗಳು ಇನ್ನೂ ಇಳಿದಿರುವುದಿಲ್ಲ, ಹೊಸ ಗಾಳಿಯ ಅಲೆಗಳು ಅಡ್ಡಲಾಗಿ ಬರುತ್ತವೆ. ಹಾಯಿದೋಣಿಗಳು ಅಡ್ಡ ಬೀಳುವುದು ಹೆಚ್ಚಾಗಿ ಈ ಗಾಳಿ ತಿರುಗಿದ ನಂತರದ ಗಂಟೆಗಳಲ್ಲಿ. ಬಿರುಗಾಳಿ ತಗ್ಗುತ್ತಿದೆ ಎಂದು ಎಲ್ಲರೂ ಉಸಿರುಬಿಡುವ ಹೊತ್ತೂ ಅದೇ ಆಗಿರುತ್ತದೆ. ಅನುಭವಿ ಕ್ಯಾಪ್ಟನ್ ಆಗ ಹಾಯಿ ಬಿಚ್ಚಲು ಅವಸರ ಮಾಡುವುದಿಲ್ಲ.

ದೋಣಿಯ ಗಾತ್ರದ ಬಗೆಗಿನ ಭಯವನ್ನು ಚರಿತ್ರೆ ಸಾಕಷ್ಟು ಕಡಿಮೆ ಮಾಡುತ್ತದೆ. 1968–69ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ‘ಸುಹೈಲಿ’ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ. 1916ರಲ್ಲಿ ಅಂಟಾರ್ಕ್ಟಿಕದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್, ಫ್ರ್ಯಾಂಕ್ ವರ್ಸ್ಲಿ ಮತ್ತು ಇತರ ನಾಲ್ವರು ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾಕ್ಕೆ ಸುಮಾರು 800 ಮೈಲಿ ದಾಟಿದ ‘ಜೇಮ್ಸ್ ಕೇರ್ಡ್’ ಅದಕ್ಕಿಂತಲೂ ಚಿಕ್ಕದು, 22 ಅಡಿ ಚಿಲ್ಲರೆ. ಗಾತ್ರಕ್ಕಿಂತ ಮುಖ್ಯವಾದದ್ದು ದೋಣಿಯ ಗಟ್ಟಿತನ, ಅಂದರೆ ಅದರ ಒಡಲು, ಕೀಲ್ (ದೋಣಿ ಮಗುಚದಂತೆ ತಳದಲ್ಲಿ ಜೋಡಿಸಿರುವ ಭಾರದ ಭಾಗ), ಚುಕ್ಕಾಣಿ, ಹಾಯಿಕಂಬವನ್ನು ಹಿಡಿದಿರುವ ತಂತಿಗಳು, ನೀರು ಒಳಬರದಂತೆ ಮುಚ್ಚುವ ಬಾಗಿಲುಗಳು. 2014ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ‘ಚೀಕಿ ರಫೀಕಿ’ ಎಂಬ ದೋಣಿಯೂ ಸುಮಾರು 40 ಅಡಿಯದೇ, ಅದರಲ್ಲೂ ನಾಲ್ವರೇ ಇದ್ದರು. ಕೀಲ್ ಕಳಚಿಕೊಂಡು ದೋಣಿ ಮಗುಚಿತು, ನಾಲ್ವರೂ ತೀರಿಕೊಂಡರು. ಹಿಂದೆ ಆ ದೋಣಿ ನೆಲಕ್ಕೆ ತಾಗಿದ್ದು, ಅದರ ದುರಸ್ತಿ, ಸವೆತ ಎಲ್ಲವೂ ಸೇರಿ ಒಡಲಿಗೂ ಕೀಲ್‌ಗೂ ನಡುವಿನ ಬೆಸುಗೆಯನ್ನು ಸಡಿಲಗೊಳಿಸಿರಬಹುದು ಎಂಬುದು ತನಿಖೆಯಲ್ಲಿ ಹೊರಬಂತು. ಆದ್ದರಿಂದ ದೋಣಿ ಎಷ್ಟು ಅಡಿ ಎಂದು ಕೇಳುವುದಕ್ಕಿಂತ, ಎಂದಾದರೂ ನೆಲಕ್ಕೆ ತಾಗಿತ್ತೇ, ತಾಗಿದ್ದರೆ ಕೀಲ್‌ನ ಬೋಲ್ಟ್‌ಗಳನ್ನು ಯಾರು ಪರೀಕ್ಷಿಸಿದರು, ಹಾಯಿಕಂಬದ ತಂತಿಗಳು ಯಾವ ವರ್ಷದವು ಎಂದು ಕೇಳುವುದು ಹೆಚ್ಚು ಉಪಯುಕ್ತ. ತಂತಿಗಳನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ರೂಢಿ. ಕೈ ಬದಲಾಗುತ್ತಿರುವ ದೋಣಿಯಲ್ಲಿ ಮಾರುವವರು ಹೊಸ ತಂತಿಗೆ ಖರ್ಚು ಮಾಡಿರುವುದಿಲ್ಲ, ಕೊಳ್ಳುವವರು ಇನ್ನೂ ಮಾಡಿರುವುದಿಲ್ಲ. ಇದನ್ನು ವಿಶೇಷವಾಗಿ ಗಮನಿಸಿ.

ಲೈಫ್ ರಾಫ್ಟ್ ಇದೆ ಎಂಬ ಸಮಾಧಾನದ ಬಗ್ಗೆ ಒಂದು ಮಾತು. 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಸ್ಪರ್ಧೆಗೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕವು. ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. 24 ದೋಣಿಗಳನ್ನು ಬಿಟ್ಟು ಜನ ಇಳಿದುಹೋದರು, ಆದರೆ ಮುಳುಗಿದ್ದು ಐದು ಮಾತ್ರ. ಸತ್ತವರಲ್ಲಿ ಏಳು ಮಂದಿಯ ಸಾವಿಗೆ ಲೈಫ್ ರಾಫ್ಟ್‌ನ ಸಂಬಂಧವಿತ್ತು. ಅವರು ಬಿಟ್ಟುಹೋದ ದೋಣಿಗಳು ಆಮೇಲೆ ತೇಲುತ್ತಲೇ ಸಿಕ್ಕವು. ಹಾಯಿಕಂಬ ಮುರಿದು, ಒಳಗೆ ಮೊಣಕಾಲುದ್ದ ನೀರು ನಿಂತು, ಕತ್ತಲೆಯಲ್ಲಿ ಎಲ್ಲವೂ ಚೆಲ್ಲಾಪಿಲ್ಲಿಯಾದಾಗ ರಬ್ಬರಿನ ರಾಫ್ಟ್ ಸುರಕ್ಷಿತವಾಗಿ ಕಾಣುವುದು ಸಹಜ. ಆದರೆ ಅದು ದೋಣಿಗಿಂತ ಎಷ್ಟೋ ಹಗುರ, ಅಲೆಗೆ ಸುಲಭದ ತುತ್ತು. ತರಬೇತಿಯಲ್ಲಿ ನಾವು ಹೇಳಿಕೊಡುವ ನಿಯಮ ಸರಳ: ದೋಣಿಯಿಂದ ರಾಫ್ಟ್‌ಗೆ ಮೇಲಕ್ಕೆ ಹತ್ತಬೇಕಾದ ಸ್ಥಿತಿ ಬರುವವರೆಗೂ ದೋಣಿಯನ್ನು ಬಿಡಬಾರದು. ಬೆಂಕಿ ಮಾತ್ರ ಇದಕ್ಕೆ ಅಪವಾದ. ಇದನ್ನು ಸಿಬ್ಬಂದಿಗೆ ದಡದಲ್ಲೇ ಹೇಳಿ, ಯಾರ ಆಜ್ಞೆಯಾದ ಮೇಲೆ ರಾಫ್ಟ್ ತೆರೆಯಬೇಕೆಂದು ಗೊತ್ತುಮಾಡುವ ಕ್ಯಾಪ್ಟನ್ ಒಬ್ಬ ವಿಶ್ವಾಸಾರ್ಹ ಕ್ಯಾಪ್ಟನ್.

ಈಗ ಹಾರ್ನೆಸ್. ಕ್ಯಾಪ್ಟನ್ ಹೇಳಿದ ಮಾತನ್ನು ನಾನು ಬಂದರುಗಳಲ್ಲಿ ಬಹಳ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ದೋಣಿ ಗಂಟೆಗೆ ಆರು ನಾಟಿಕಲ್ ಮೈಲಿ ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಮೂರು ಮೀಟರ್ ಸಾಗುತ್ತದೆ. ಒಬ್ಬರು ನೀರಿಗೆ ಬಿದ್ದ ಕೂಗು ಕೇಳಿ, ಒಳಗೆ ಮಲಗಿದ್ದವರು ಎದ್ದು ಬಂದು, ಹಾಯಿ ಸಡಿಲಿಸುವಷ್ಟರಲ್ಲಿ ಒಂದು ನಿಮಿಷವಾಗಿದ್ದರೂ 180 ಮೀಟರ್ ಆಚೆ ಬಂದಾಗಿದೆ. ಆ ದೂರದಲ್ಲಿ, ಮೂರು ಮೀಟರ್ ಅಲೆಗಳ ನಡುವೆ, ತೆಂಗಿನಕಾಯಿ ಗಾತ್ರದ ತಲೆಯನ್ನು ಹಗಲಿನಲ್ಲೂ ಹುಡುಕುವುದು ಕಷ್ಟ. ತಣ್ಣೀರು ಮೊದಲ ನಿಮಿಷದಲ್ಲಿ ಉಸಿರು ಕಟ್ಟಿಸುತ್ತದೆ. ಹತ್ತು ನಿಮಿಷಗಳೊಳಗೆ ಬೆರಳುಗಳು ಹಗ್ಗ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ. ಸಿಕ್ಕರೂ, ನೆನೆದ ಬಟ್ಟೆಯಲ್ಲಿರುವ ಆಳನ್ನು ತೂಗಾಡುವ ದೋಣಿಯ ಮೇಲಕ್ಕೆ ಎತ್ತುವುದು ಮೂವರಿಗೂ ಸುಲಭವಲ್ಲ. ಎರಿಕ್ ತಬಾರ್ಲಿ ಫ್ರಾನ್ಸಿನ ಶ್ರೇಷ್ಠ ನಾವಿಕರು, ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟುವ ಸ್ಪರ್ಧೆಯನ್ನು 1964 ಮತ್ತು 1976ರಲ್ಲಿ ಗೆದ್ದವರು. 1998ರ ಜೂನ್‌ನ ಒಂದು ರಾತ್ರಿ ಐರಿಷ್ ಸಮುದ್ರದಲ್ಲಿ, ತಮ್ಮ ಸ್ವಂತ ದೋಣಿ ‘ಪೆನ್ ಡ್ಯುಕ್’ ಮೇಲೆ ಹಾಯಿ ಬದಲಿಸುತ್ತಿದ್ದಾಗ ಹಾಯಿಯನ್ನು ಎತ್ತಿ ಹಿಡಿಯುವ ಮರ ಬಡಿದು ನೀರಿಗೆ ಬಿದ್ದರು. ಹಾರ್ನೆಸ್ ಕಟ್ಟಿಕೊಂಡಿರಲಿಲ್ಲ. ಜೊತೆಯಲ್ಲಿದ್ದವರಿಗೆ ಅವರನ್ನು ಹುಡುಕಲಾಗಲಿಲ್ಲ. ಅವರಷ್ಟು ಸಮುದ್ರ ಬಲ್ಲವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದರು. ಅನುಭವ ಬಡಿಯುವ ಮರವನ್ನು ತಡೆಯುವುದಿಲ್ಲ.

ಸರಿಯಾಗಿ ನಡೆಯುವ ದೋಣಿಯಲ್ಲಿ ಇದು ಹೇಗಿರುತ್ತದೆ ಎಂದು ಹೇಳುತ್ತೇನೆ. ಡೆಕ್ಕಿನ ಎರಡೂ ಬದಿಗೆ ಮುಂದಿನಿಂದ ಹಿಂದಿನವರೆಗೆ ಗಟ್ಟಿ ಪಟ್ಟಿಯೊಂದನ್ನು ಎಳೆದು ಕಟ್ಟಿರುತ್ತಾರೆ. ಕಾವಲಿಗೆ ಬರುವವರು ಮೆಟ್ಟಿಲ ಕೊನೆಯಲ್ಲಿ, ತಲೆ ಹೊರಗೆ ಹಾಕುವ ಮೊದಲೇ, ಎದೆಪಟ್ಟಿಯ ಕೊಕ್ಕೆಯನ್ನು ಹೊರಗಿನ ಬಳೆಗೆ ಸಿಕ್ಕಿಸುತ್ತಾರೆ. ಮುಂದೆ ಹೋಗುವಾಗ ಒಂದು ಕೊಕ್ಕೆ ಬಿಡಿಸುವ ಮೊದಲು ಇನ್ನೊಂದನ್ನು ಸಿಕ್ಕಿಸಿರುತ್ತಾರೆ. ಸಾಧ್ಯವಾದಲ್ಲೆಲ್ಲ ಎದೆಪಟ್ಟಿಗೂ ಕೊಕ್ಕೆಗೂ ನಡುವೆ ಉದ್ದದ ಪಟ್ಟಿಯ ಬದಲು ಗಿಡ್ಡ ಪಟ್ಟಿಯನ್ನೇ ಬಳಸುತ್ತಾರೆ, ಏಕೆಂದರೆ ಉದ್ದದ ಪಟ್ಟಿ ಮನುಷ್ಯನನ್ನು ದೋಣಿಯ ಅಂಚಿನಾಚೆ ನೀರಿನಲ್ಲಿ ಎಳೆದೊಯ್ಯಬಲ್ಲದು. ಕ್ಯಾಪ್ಟನ್ ತಾನೇ ಹೀಗೆ ಮಾಡದಿದ್ದರೆ ಹೊಸಬ ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತಾನೆ. ಇದು ನನ್ನ ದೊಡ್ಡ ಆಕ್ಷೇಪ: ಅವರ ಮಾತಿನಿಂದ ಅವರಿಗೆ ಅಪಾಯವಾಗುವುದು ಅವರ ಆಯ್ಕೆ, ಅವರನ್ನು ದೇವರೆಂದು ನಂಬಿರುವ ನಿಮ್ಮ ತಮ್ಮ ಅವರನ್ನು ನೋಡಿ ನಡೆಯುತ್ತಾನೆ.

ಹೆಸರಿಗೆ ಬಾರದ ಅಪಾಯಗಳೂ ಇವೆ. ಮೊದಲ ಮೂರು ದಿನದ ವಾಂತಿ, ಮೂರು ಗಂಟೆ ಕಾವಲು ಮಾಡಿ ಮೂರು ಗಂಟೆ ಒದ್ದೆ ಹಾಸಿಗೆಯಲ್ಲಿ ಅರೆನಿದ್ದೆ, ಆ ದಣಿವಿನಲ್ಲಿ ತಪ್ಪುವ ಲೆಕ್ಕಗಳು. ಅಡುಗೆ ಒಲೆಯ ಮುಂದೆ ಕುದಿಯುವ ನೀರು ತೊಡೆಯ ಮೇಲೆ ಚೆಲ್ಲಿದರೆ ವೈದ್ಯರಿರುವುದು ಎರಡು ಮೂರು ವಾರದ ದೂರದಲ್ಲಿ; ಆದ್ದರಿಂದಲೇ ಹಳಬರು ಚಹಾ ಮಾಡುವಾಗಲೂ ದಪ್ಪನೆಯ ಮಳೆ ಪ್ಯಾಂಟ್ ತೊಟ್ಟಿರುತ್ತಾರೆ.

ಇನ್ನು ದಿನಾಂಕದ ವಿಷಯ. ಇದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಓದಿದ ಅಪಘಾತದ ವರದಿಗಳಲ್ಲಿ ಅಲೆಗಿಂತ ಮೊದಲು ಕಾಣುವುದು ಪಂಚಾಂಗ. 2012ರ ಅಕ್ಟೋಬರ್ 25ರಂದು ‘ಬೌಂಟಿ’ ಎಂಬ ದೊಡ್ಡ ಮರದ ಹಾಯಿಹಡಗು ಅಮೆರಿಕದ ನ್ಯೂ ಲಂಡನ್ ಬಂದರಿನಿಂದ ಫ್ಲಾರಿಡಾಕ್ಕೆ ಹೊರಟಿತು. ಸ್ಯಾಂಡಿ ಚಂಡಮಾರುತ ಅದೇ ಕರಾವಳಿಯತ್ತ ಬರುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕ್ಯಾಪ್ಟನ್ ರಾಬಿನ್ ವಾಲ್‌ಬ್ರಿಜ್ ಹೊಸಬರಲ್ಲ, ಆ ಹಡಗನ್ನು ವರ್ಷಗಳ ಕಾಲ ನಡೆಸಿದವರು. ಬಂದರಿಗಿಂತ ಹಡಗು ಸಮುದ್ರದಲ್ಲಿದ್ದರೆ ಕ್ಷೇಮ ಎಂಬುದು ಅವರ ವಾದವಾಗಿತ್ತು. ಹೊರಡುವ ಮುನ್ನ ಅವರು ಸಿಬ್ಬಂದಿಯನ್ನು ಕರೆದು, ಬೇಡವೆನಿಸಿದವರು ಇಳಿದುಹೋಗಬಹುದು ಎಂದರು. ಯಾರೂ ಇಳಿಯಲಿಲ್ಲ. 29ರ ಬೆಳಗಿನ ಜಾವ ಹ್ಯಾಟೆರಸ್ ಭೂಶಿರದ ಆಚೆ ಹಡಗು ಮುಳುಗಿತು. ಹದಿನಾರು ಮಂದಿಯಲ್ಲಿ ಹದಿನಾಲ್ವರನ್ನು ಹೆಲಿಕಾಪ್ಟರ್‌ಗಳು ಎತ್ತಿದವು, ಒಬ್ಬ ಸಿಬ್ಬಂದಿ ಸತ್ತರು, ಕ್ಯಾಪ್ಟನ್ ಸಿಗಲೇ ಇಲ್ಲ. ಮುನ್ಸೂಚನೆ ಸ್ಪಷ್ಟವಾಗಿದ್ದ ಚಂಡಮಾರುತದ ದಾರಿಗೆ, ಹಳೆಯ ಹಡಗು ಮತ್ತು ಅನುಭವವಿಲ್ಲದ ಸಿಬ್ಬಂದಿಯನ್ನು ಇಟ್ಟುಕೊಂಡು ಹೊರಟ ಕ್ಯಾಪ್ಟನ್‌ನ ನಿರ್ಧಾರವೇ ಕಾರಣವೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ನಾನು ಈ ಘಟನೆಯನ್ನು ಪಾಠ ಹೇಳುವಾಗ ಯಾರೂ ಇಳಿಯಲಿಲ್ಲ ಎಂಬ ಆ ಒಂದು ವಾಕ್ಯದ ಬಳಿ ನಿಲ್ಲುತ್ತೇನೆ. ಜೊತೆಗಾರರ ಎದುರು, ಗೌರವಿಸುವ ಕ್ಯಾಪ್ಟನ್ ಎದುರು, ಹಗ್ಗ ಬಿಚ್ಚಲು ಒಂದು ಗಂಟೆ ಉಳಿದಿರುವಾಗ ಬ್ಯಾಗು ಹೆಗಲಿಗೇರಿಸಿ ಇಳಿಯುವುದು ಯುವಕರಿಗೆ ಬಿರುಗಾಳಿಗಿಂತ ಕಷ್ಟದ ಕೆಲಸ.

ನಾಕ್ಸ್-ಜಾನ್‌ಸ್ಟನ್ ಭೂಪ್ರದಕ್ಷಿಣೆ ಮಾಡಿದ್ದು ಒಂದು ಸ್ಪರ್ಧೆಯಲ್ಲಿ. ಅವರು ಗೆದ್ದ ಆ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಎಂಬುವರೂ ಇದ್ದರು. ಹೊರಡಲು ಕೊನೆಯ ದಿನ 1968ರ ಅಕ್ಟೋಬರ್ 31. ದೋಣಿ ಸಿದ್ಧವಾಗಿರಲಿಲ್ಲ, ಆದರೂ ಹಣದ ಒಪ್ಪಂದಗಳಿಗೆ ಸಿಕ್ಕಿಕೊಂಡಿದ್ದ ಅವರು ಅದೇ ದಿನ ಹೊರಟರು. ಮುಂದೆ ಹೋಗಲಾಗದೆ, ಹಿಂದೆ ಬರಲಾಗದೆ ಅಟ್ಲಾಂಟಿಕ್‌ನಲ್ಲೇ ಸುತ್ತುತ್ತ, ಪ್ರದಕ್ಷಿಣೆ ನಡೆಯುತ್ತಿದೆಯೆಂದು ಸುಳ್ಳು ಸ್ಥಾನಗಳನ್ನು ರೇಡಿಯೊದಲ್ಲಿ ತಿಳಿಸಿದರು. 1969ರ ಜುಲೈನಲ್ಲಿ ಅವರ ದೋಣಿ ಸಿಕ್ಕಿತು, ಅವರು ಇರಲಿಲ್ಲ. ಆ ಮನುಷ್ಯನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಇಲ್ಲದೆ ಹೋದದ್ದು ಹಿಂತಿರುಗಿ ಬರುವ ದಾರಿ.

ಅಪಾಯದ ಯಾನಗಳನ್ನು ಮಾಡುವ ಕ್ಯಾಪ್ಟನ್‌ಗಳೆಲ್ಲ ಹೀಗೇ ಇರುತ್ತಾರೆಯೇ ಎಂದು ಕೇಳಿದ್ದೀರಿ. ಇಲ್ಲ. ಹೆಸರು ಉಳಿಸಿಕೊಂಡವರಲ್ಲಿ ಹೆಚ್ಚಿನವರು ಅತಿ ಎಚ್ಚರದ ಜನ. ‘ಜೇಮ್ಸ್ ಕೇರ್ಡ್’ ಹದಿನಾಲ್ಕು ದಿನ ಹಿಮಗಾಳಿಯಲ್ಲಿ ನೆನೆದು, ಕುಡಿಯುವ ನೀರು ಕೆಟ್ಟು, ಆರೂ ಮಂದಿಯ ನಾಲಿಗೆ ಬಾತಿದ್ದಾಗ ಕೊನೆಗೂ ಸೌತ್ ಜಾರ್ಜಿಯಾದ ಬಂಡೆಗಳು ಕಂಡವು. ಆ ಸಂಜೆ ದಡ ಸೇರಲು ಅವರು ಪ್ರಯತ್ನಿಸಲಿಲ್ಲ. ಕತ್ತಲಾಗುತ್ತಿತ್ತು, ಗುರುತಿಲ್ಲದ ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಹಾಗಾಗಿ ದೋಣಿಯನ್ನು ಮತ್ತೆ ಸಮುದ್ರದ ಕಡೆಗೆ ತಿರುಗಿಸಿದರು. ಮರುದಿನ ಭಯಂಕರ ಬಿರುಗಾಳಿ ಬಂದರೂ ತಡೆದುಕೊಂಡು ಮೇ 10ರಂದು ದಡ ಮುಟ್ಟಿದರು. ಬಾಯಾರಿದವರ ಕಣ್ಣೆದುರು ನೆಲವಿರುವಾಗ ಬೇಡವೆನ್ನಬಲ್ಲ ಮನಸ್ಸು, ಅದರ ಜೊತೆಗೆ ಇಡೀ ಯಾನದಲ್ಲಿ ಸೂರ್ಯ ನಾಲ್ಕೈದು ಸಲ ಮಾತ್ರ ಕಂಡರೂ ಸೂರ್ಯನ ಎತ್ತರ ಅಳೆಯುವ ಸೆಕ್ಸ್ಟೆಂಟ್ ಹಿಡಿದು ದ್ವೀಪವನ್ನು ಹುಡುಕಿದ ವರ್ಸ್ಲಿಯ ವಿದ್ಯೆ, ಇವೆರಡೂ ಸೇರಿ ಅವರನ್ನು ಉಳಿಸಿದವು.

ಸಹಾಯ ಬರುತ್ತದೆ ಎಂಬ ನಿಮ್ಮ ತಮ್ಮನ ಮಾತು ಅರ್ಧ ನಿಜ. ತುರ್ತು ಸಂಕೇತ ಕಳುಹಿಸುವ ಇಪಿಐಆರ್‌ಬಿ ಎಂಬ ಸಾಧನವನ್ನು ಚಾಲೂ ಮಾಡಿದರೆ ಸ್ಯಾಟಲೈಟ್ ಮೂಲಕ ಸುದ್ದಿ ಬೇಗ ತಲುಪುತ್ತದೆ. ಸುದ್ದಿ ತಲುಪಿದಷ್ಟು ವೇಗವಾಗಿ ಹಡಗು ತಲುಪುವುದಿಲ್ಲ. ಹೆಲಿಕಾಪ್ಟರ್ ದಡದಿಂದ ಕೆಲವು ನೂರು ಕಿಲೋಮೀಟರ್ ಮಾತ್ರ ಹೋಗಿ ಬರಬಲ್ಲದು. 1997ರ ಜನವರಿಯಲ್ಲಿ ಟೋನಿ ಬುಲ್ಲಿಮೋರ್ ಎಂಬ ನಾವಿಕ ದಕ್ಷಿಣ ಸಾಗರದಲ್ಲಿ ಮಗುಚಿದ ದೋಣಿಯ ಒಡಲೊಳಗೆ ಕತ್ತಲಲ್ಲಿ ಸುಮಾರು ನಾಲ್ಕು ದಿನ ಕಾದ ಮೇಲೆ ಆಸ್ಟ್ರೇಲಿಯಾದ ಯುದ್ಧನೌಕೆ ಬಂದು ಅವರನ್ನು ಉಳಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಒಬ್ಬಂಟಿ ಭೂಪ್ರದಕ್ಷಿಣೆಯ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ನಿಮ್ಮ ತಮ್ಮ ದಾಟಬೇಕಾದ ಇದೇ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ದೋಣಿ ಉರುಳಿ ಹಾಯಿಕಂಬಗಳು ಮುರಿದು ಬೆನ್ನುಮೂಳೆಗೆ ಪೆಟ್ಟಾಗಿ ಅಲುಗಾಡದೆ ಮಲಗಿದ್ದರು. ಫ್ರಾನ್ಸಿನ ಮೀನುಗಾರಿಕೆ ಗಸ್ತು ಹಡಗು ‘ಒಸಿರಿಸ್’ ತಲುಪುವಷ್ಟರಲ್ಲಿ ಮೂರು ದಿನ ಕಳೆದಿತ್ತು. ತಾನೂ ಹಾಯಿಕಂಬ ಕಳೆದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಗಕ್ಕಿನ್ ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಅವರತ್ತ ಹೊರಟಿದ್ದರು ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಟೋಮಿಯವರು ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ನಡೆಯುವುದನ್ನು ಕಲಿತು, ಅದೇ ಸ್ಪರ್ಧೆಯ ಮುಂದಿನ ಆವೃತ್ತಿಯನ್ನು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ಅಂದರೆ ಅಲ್ಲಿ ಏನಾದರೂ ಆದರೆ ಕನಿಷ್ಠ ಮೂರು ನಾಲ್ಕು ದಿನ ದೋಣಿಯಲ್ಲಿರುವವರೇ ದೋಣಿಯನ್ನು ತೇಲಿಸಿಕೊಂಡು, ಗಾಯಾಳುವನ್ನು ನೋಡಿಕೊಂಡು ಬದುಕಿರಬೇಕು. ಸಿದ್ಧತೆಯನ್ನು ಆ ಲೆಕ್ಕದಲ್ಲೇ ಮಾಡಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಇದ್ದ ಹಾಗೆಯೇ, ಅಕ್ಟೋಬರ್‌ನಲ್ಲಿ, ಇದೇ ಕ್ಯಾಪ್ಟನ್ ಜೊತೆ, ಯಾವ ಷರತ್ತೂ ಇಲ್ಲದೆ ಹೋಗುವುದು ಒಂದು. ಹೀಗೆ ಹೋಗಿ ಕ್ಷೇಮವಾಗಿ ತಲುಪಿದವರು ಇದ್ದಾರೆ. ಆದರೂ ನನ್ನ ಸ್ವಂತ ತಮ್ಮನಾಗಿದ್ದರೆ ಒಪ್ಪುತ್ತಿರಲಿಲ್ಲ. ಅಕ್ಟೋಬರ್ ಅಲ್ಲಿಗೆ ವಸಂತದ ಆರಂಭ, ಚಳಿಗಾಲದ ಬಿರುಗಾಳಿಗಳು ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಮಧ್ಯ ನವೆಂಬರ್‌ನ ಗಡುವು ಇಟ್ಟುಕೊಂಡರೆ ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿಗೆ ಸಿಗುವುದು ಐದಾರು ವಾರ. ಇಂಥ ದೋಣಿಗೆ ಅದು ಸಾಲುತ್ತದೆ, ಆದರೆ ಬಂದರಿನಲ್ಲಿ ಒಳ್ಳೆಯ ಹವೆಗಾಗಿ ಒಂದು ವಾರ ಕಾಯಲು, ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ ಸುತ್ತು ಹಾಕಲು ಸಮಯ ಉಳಿಯುವುದಿಲ್ಲ. ಸಮಯ ಉಳಿಸಲೆಂದು ಕ್ಯಾಪ್ಟನ್ ಹೆಚ್ಚು ದಕ್ಷಿಣಕ್ಕೆ ಇಳಿಯುವ ಆಸೆಗೆ ಬೀಳುತ್ತಾರೆ. ಅಲ್ಲಿ ಗಾಳಿ ಬಲವಾಗಿ ದಾರಿ ಬೇಗ ಸಾಗುತ್ತದೆ, ಅಲೆಯೂ ಚಳಿಯೂ ಅಷ್ಟೇ ಹೆಚ್ಚುತ್ತವೆ.

ಎರಡನೆಯದು ಷರತ್ತಿನ ಮೇಲೆ ಹೋಗುವುದು, ನನ್ನ ಒಲವು ಇದರತ್ತ. ಯಾನವನ್ನು ಡಿಸೆಂಬರ್ ಅಥವಾ ಜನವರಿಗೆ ಮುಂದೂಡಲು ಸಾಧ್ಯವೇ ಎಂದು ತಮ್ಮ ನೇರವಾಗಿ ಕೇಳಲಿ. ಕೊಳ್ಳುವವರಿಗೆ ದೋಣಿ ಎರಡು ತಿಂಗಳು ತಡವಾಗಿ ಸಿಕ್ಕರೆ ಆಗುವ ನಷ್ಟ ಹಣದ್ದು ಮಾತ್ರ. ದೂರದ ಯಾನಕ್ಕೆ ಮೊದಲು ಇದೇ ದೋಣಿಯಲ್ಲಿ, ಇದೇ ನಾಲ್ವರು, ದಡಕ್ಕೆ ಮರಳಬಹುದಾದಷ್ಟು ದೂರದಲ್ಲಿ ಮೂರು ನಾಲ್ಕು ದಿನ ಹೋಗಿ ಬರಲಿ. ರಾತ್ರಿ, ಗಾಳಿ ಹೆಚ್ಚಿರುವಾಗ ಕ್ಯಾಪ್ಟನ್ ಎಷ್ಟು ಬೇಗ ಹಾಯಿ ಕಿರಿದು ಮಾಡುತ್ತಾರೆ, ದಣಿದಾಗ ಹೇಗೆ ಮಾತಾಡುತ್ತಾರೆ, ಪ್ರಶ್ನೆ ಕೇಳಿದರೆ ಸಿಡುಕುತ್ತಾರೆಯೇ ಎಂಬುದು ಆ ಮೂರು ದಿನದಲ್ಲಿ ತಿಳಿಯುತ್ತದೆ. ಹೊರಡುವ ಮುನ್ನ ಅವರಿಗೆ ಮೂರು ಪ್ರಶ್ನೆ ಕೇಳಲಿ: ನೀವು ಕಡೆಯ ಸಲ ಅರ್ಧದಿಂದ ಹಿಂತಿರುಗಿದ್ದು ಯಾವಾಗ, ಏಕೆ? ನೀವೇ ನೀರಿಗೆ ಬಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ನಾವು ಮೂವರು ಏನು ಮಾಡಬೇಕು? ಡ್ರೋಗ್ ಎಲ್ಲಿದೆ, ಅದನ್ನು ಒಮ್ಮೆ ಬಿಟ್ಟು ಎಳೆದು ತೋರಿಸುವಿರಾ? ಒಳ್ಳೆಯ ಕ್ಯಾಪ್ಟನ್‌ಗೆ ಈ ಪ್ರಶ್ನೆಗಳಿಂದ ಸಂತೋಷವಾಗುತ್ತದೆ. ಎಂದೂ ಹಿಂತಿರುಗಿಲ್ಲ ಎಂಬ ಉತ್ತರ ಬಂದರೆ ನಾನು ಅದನ್ನು ಹೊಗಳಿಕೆಯಾಗಿ ತೆಗೆದುಕೊಳ್ಳುವುದಿಲ್ಲ. ಇದರಲ್ಲೂ ಒಂದು ತೊಂದರೆಯಿದೆ: ಕ್ಯಾಪ್ಟನ್ ಹಾರ್ನೆಸ್‌ಗೆ ಒಪ್ಪಿ, ನಡುಸಮುದ್ರದಲ್ಲಿ ಮಾತು ಬದಲಿಸಿದರೆ ಅಲ್ಲಿ ಅವರ ಮಾತೇ ಕೊನೆಯದು. ಹಡಗಿನ ಸುರಕ್ಷತೆಯ ಹೊಣೆ ಮತ್ತು ಅಧಿಕಾರ ಎರಡೂ ಕ್ಯಾಪ್ಟನ್‌ನದು, ಇರಬೇಕಾದದ್ದೂ ಹಾಗೆಯೇ. ಆದರೆ ತನ್ನ ಕೊಕ್ಕೆಯನ್ನು ತಾನು ಸಿಕ್ಕಿಸಿಕೊಳ್ಳಲು ನಿಮ್ಮ ತಮ್ಮನಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಇದನ್ನು ಅವನಿಗೆ ಒತ್ತಿ ಹೇಳಿ.

ಮೂರನೆಯದು ಈ ಯಾನವನ್ನು ಬಿಟ್ಟು, ವ್ಯಾಪಾರಮಾರುತಗಳು ಬೀಸುವ ಬೆಚ್ಚಗಿನ ಅಕ್ಷಾಂಶಗಳಲ್ಲಿ ಬೇರೆ ತಂಡದ ಜೊತೆ ಮೊದಲ ದೂರಯಾನ ಮಾಡುವುದು. ಅಲ್ಲಿಯೂ ದೋಣಿಗಳು ಮುಳುಗಿವೆ, ಜನ ನೀರಿಗೆ ಬಿದ್ದಿದ್ದಾರೆ. ಆದರೆ ಗಾಳಿ ಬಹುಪಾಲು ಒಂದೇ ದಿಕ್ಕಿನಿಂದ ಬರುತ್ತದೆ, ನೀರು ಬೆಚ್ಚಗಿರುತ್ತದೆ, ಒಂದು ತಪ್ಪನ್ನು ಸರಿಪಡಿಸಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ಒಂದೆರಡು ರಾತ್ರಿಗಳ ಅನುಭವವಿರುವವನಿಗೆ ಇದು ಸಹಜವಾದ ಮುಂದಿನ ಹೆಜ್ಜೆ. ದಕ್ಷಿಣದ ಸಮುದ್ರ ಆಮೇಲೂ ಅಲ್ಲೇ ಇರುತ್ತದೆ.

ಅವನನ್ನು ಬಲವಂತವಾಗಿ ತಡೆಯಿರಿ ಎಂದು ನಾನು ಹೇಳಲಾರೆ. 27ರ ಹರೆಯದವನನ್ನು ಮನೆಯವರು ತಡೆದರೆ ಅವನು ಕ್ಯಾಪ್ಟನ್ ಕಡೆಗೇ ಇನ್ನಷ್ಟು ವಾಲುತ್ತಾನೆ, ಕಂಡ ದೋಷಗಳನ್ನು ನಿಮ್ಮಿಂದ ಮುಚ್ಚಿಡುತ್ತಾನೆ. ಅದರ ಬದಲು ಕೇಪ್‌ಟೌನ್‌ಗೆ ವಿಮಾನ ಹತ್ತುವ ಮೊದಲೇ, ಯಾವ ಯಾವ ಸಂಗತಿ ಕಂಡರೆ ತಾನು ದೋಣಿ ಹತ್ತುವುದಿಲ್ಲವೆಂದು ಅವನೇ ಕಾಗದದಲ್ಲಿ ಬರೆದು ನಿಮ್ಮ ಕೈಗೆ ಕೊಡಲಿ. ಮರಳಿ ಬರುವ ಟಿಕೆಟ್ಟಿನ ಹಣವನ್ನು ನೀವು ಅವನ ಖಾತೆಯಲ್ಲಿ ತೆಗೆದಿರಿಸಿ, ಇಳಿದು ಬಂದರೆ ಮನೆಯಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲವೆಂದು ಅಮ್ಮನಿಂದಲೇ ಹೇಳಿಸಿ.

ಅವನು ಹೋಗುವುದೇ ಆದರೆ ನೀವು ಮಾಡಬೇಕಾದ ಕೆಲಸವೊಂದಿದೆ. ದೋಣಿಯ ಇಪಿಐಆರ್‌ಬಿಯನ್ನು ನೋಂದಾಯಿಸುವಾಗ ದಡದಲ್ಲಿರುವ ಸಂಪರ್ಕದ ವ್ಯಕ್ತಿಗಳ ಫೋನ್ ಸಂಖ್ಯೆ ಕೇಳುತ್ತಾರೆ. ಸಂಕೇತ ಬಂದೊಡನೆ ರಕ್ಷಣಾ ಕೇಂದ್ರದವರು ಆ ಸಂಖ್ಯೆಗಳಿಗೆ ಕರೆ ಮಾಡಿ ಇದು ನಿಜವಾದ ಅಪಾಯವೇ, ಸಾಧನ ಅಕಸ್ಮಾತ್ ಚಾಲೂ ಆದದ್ದೇ ಎಂದು ವಿಚಾರಿಸುತ್ತಾರೆ. ದೋಣಿಯ ಮಾಲೀಕತ್ವ ಬದಲಾಗುತ್ತಿರುವುದರಿಂದ ಆ ನೋಂದಣಿಯಲ್ಲಿ ಹಳೆಯ ವಿವರಗಳೇ ಉಳಿದಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಪಡಿಸಿ ನಿಮ್ಮ ಸಂಖ್ಯೆಯನ್ನೂ ಸೇರಿಸುವಂತೆ ತಮ್ಮನಿಗೆ ಹೇಳಿ. ದೋಣಿಯ ಒಡಲಿನ ಬಣ್ಣ, ಹಾಯಿಯ ಮೇಲಿನ ಸಂಖ್ಯೆ, ರಾಫ್ಟ್‌ನಲ್ಲಿ ಎಷ್ಟು ಜನಕ್ಕೆ ಜಾಗವಿದೆ, ನಾಲ್ವರ ಹೆಸರು ಮತ್ತು ಅವರು ತೆಗೆದುಕೊಳ್ಳುವ ಔಷಧಿಗಳು, ಉದ್ದೇಶಿಸಿದ ಮಾರ್ಗ, ಪ್ರತಿದಿನ ಅವನು ಕಳುಹಿಸುವ ಸ್ಥಾನ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸ್ಯಾಟಲೈಟ್ ಫೋನ್ ಒದ್ದೆಯಾಗಿ ಕೆಡುವುದು ಸಾಮಾನ್ಯ. ಎಷ್ಟು ದಿನ ಸಂದೇಶ ಬರದಿದ್ದರೆ ಗಾಬರಿಯಾಗಬಾರದು, ಎಷ್ಟನೆಯ ದಿನ ನೀವು ರಕ್ಷಣಾ ಕೇಂದ್ರಕ್ಕೆ ತಿಳಿಸಬೇಕು ಎಂಬುದನ್ನು ಅವನು ಹೊರಡುವ ಮೊದಲೇ ಕ್ಯಾಪ್ಟನ್‌ರನ್ನೂ ಕೂರಿಸಿಕೊಂಡು ಮಾತಾಡಿ ಗೊತ್ತುಮಾಡಿಕೊಳ್ಳಿ.